ಉಪ್ಪು ಕಮ್ಮಿಯಾಯಿತು, ಲಿಥಿಯಂ ಜಾಸ್ತಿಯಾಯಿತು: ಮಂಡ್ಯದ ಆಲೆಮನೆಯಿಂದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಬಿಪಿ ನೋಡಿದ ಡಾಕ್ಟರು ಬಿಪಿಗೆ ಕೊಡಬೇಕಾದ ಮಾತ್ರೆಯನ್ನೇ ಕೊಟ್ಟರು. ಮಂಡಿನೋವಿಗೆ ತಂದದ್ದು ಊರಲ್ಲಿ ಎಲ್ಲರೂ ನುಂಗುವ ಮಾತ್ರೆ. ಹೆಂಡತಿ ಹೇಳಿದ ಹಾಗೆ ಉಪ್ಪು ಕಮ್ಮಿ ಮಾಡಿದರು, ಮಾನಸಿಕ ಕಾಯಿಲೆಗೆ ನುಂಗುತ್ತಿದ್ದ ಲಿಥಿಯಂ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಏಪ್ರಿಲ್ ಕೊನೆಯ ವಾರ ಪುಟ್ಟಸ್ವಾಮಿಯವರನ್ನು ಆಟೋದಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು. ಮಾತು ತೊದಲುತ್ತಿತ್ತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿನವರ ತೀರ್ಮಾನ ಆಗಲೇ ಆಗಿತ್ತು: 'ಮತ್ತೆ ಕುಡ್ಯಾಕೆ ಶುರು ಮಾಡವ್ನೆ.'

ಗುರುತು ಸಿಗದ ಹಾಗೆ ಹೆಸರು ಬದಲಿಸಿದ್ದೇನೆ. ಊರು ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಆಸುಪಾಸಿನಲ್ಲಿದೆ. ಅಷ್ಟು ಗೊತ್ತಿದ್ದರೆ ಸಾಕು.

ಮೊದಲಿನ ಕಥೆ

ಪುಟ್ಟಸ್ವಾಮಿಗೆ 48 ವರ್ಷ. ಆಲೆಮನೆಯಲ್ಲಿ ಪಾಕ ನೋಡುವ ಕೆಲಸ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವಾಗ ಹದಕ್ಕೆ ಬಂತು, ಯಾವಾಗ ಇಳಿಸಬೇಕು ಎಂದು ಹೇಳುವವರು ಅವರೇ. ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅರೆಗಳಿಗೆ ತಡವಾದರೂ ಬೆಲ್ಲ ಕೆಡುತ್ತದೆ, ಮೊದಲೇ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ. ಅವರ ಕೈ ನಂಬಿ ಮಾಲೀಕರು ಬೇರೆ ಊರಿಂದಲೂ ಕರೆಸುತ್ತಿದ್ದರು.

ಕಾಯಿಲೆ ಮೊದಲು ಕಾಣಿಸಿದ್ದು 26ನೇ ವಯಸ್ಸಿನಲ್ಲಿ. ನಿದ್ದೆ ಹೋಯಿತು, ಆದರೆ ಸುಸ್ತೇ ಇಲ್ಲ. ಬೆಳಗಿನ ಜಾವದವರೆಗೆ ಮಾತು. ಮಾರಮ್ಮನ ಹಬ್ಬಕ್ಕೆ ಇಡೀ ಊರಿಗೆ ಬಾಡೂಟ ಹಾಕಿಸುತ್ತೇನೆ ಅಂತ ಸಾಲ ಮಾಡಿ ಹದಿನಾಲ್ಕು ಮರಿ ತಂದು ಮನೆ ಮುಂದೆ ಕಟ್ಟಿದರು. ಬೇಡ ಎಂದ ಅಣ್ಣನ ಮೇಲೆ ಕೈ ಮಾಡಿದರು. ಅದಾಗಿ ಆರು ತಿಂಗಳಿಗೆ ಅದೇ ಮನುಷ್ಯ ಹಾಸಿಗೆಯಿಂದ ಏಳಲಿಲ್ಲ, ಸ್ನಾನ ಮಾಡಲಿಲ್ಲ, ಬದುಕಿ ಏನು ಪ್ರಯೋಜನ ಅನ್ನತೊಡಗಿದರು. ಏರು, ಆಮೇಲೆ ಇಳಿತ. ಇದು ಬೈಪೋಲಾರ್ ಕಾಯಿಲೆ. ಡಾಕ್ಟರ ಹತ್ತಿರ ಬರುವ ಹೊತ್ತಿಗೆ ಎರಡು ದೇವಸ್ಥಾನ, ಒಬ್ಬ ನಾಟಿ ವೈದ್ಯ ಮುಗಿದಿತ್ತು. ಅದು ಎಲ್ಲ ಕಡೆ ನಡೆಯುವುದೇ.

ಲಿಥಿಯಂಗೆ ಬರುವ ಮುಂಚೆ ಅವರು ನುಂಗಿದ ಮಾತ್ರೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಾನಸಿಕ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಅರ್ಧದಷ್ಟು ಇವರೊಬ್ಬರ ಹಳೇ ಚೀಟಿಗಳಲ್ಲೇ ಇವೆ.

ಮೊದಲು ಕೊಟ್ಟಿದ್ದು ಹ್ಯಾಲೊಪೆರಿಡಾಲ್. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಏರಿನ ಕಾಲದಲ್ಲಿ, ಭ್ರಮೆಗಳ ಕಾಲದಲ್ಲಿ ಕೆಲವು ದಾರಿಗಳಲ್ಲಿ ಇದರ ಓಡಾಟ ಜಾಸ್ತಿ. ಮಾತ್ರೆ ಆ ಸುದ್ದಿ ತಲುಪುವ ಜಾಗವನ್ನೇ ಮುಚ್ಚುತ್ತದೆ. ತೊಂದರೆ ಏನೆಂದರೆ, ಕೈಕಾಲಿನ ಚಲನೆಗೂ ಡೋಪಮೈನ್ ಬೇಕು. ಮಾತ್ರೆಗೆ ಇದು ಬೇಕಾದ ದಾರಿ, ಇದು ಬೇಡದ ದಾರಿ ಅಂತ ಗೊತ್ತಾಗುವುದಿಲ್ಲ. ಮೂರನೇ ದಿನ ಪುಟ್ಟಸ್ವಾಮಿಯ ಕತ್ತು ಒಂದೇ ಕಡೆ ಎಳೆದುಕೊಂಡು ಹೋಯಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಮೈಮೇಲೆ ಬಂದಿದೆ ಅಂತ ಯಾರೋ ಮಂಗಳಾರತಿಯನ್ನೂ ಎತ್ತಿದರಂತೆ. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯಲ್ಲಿ ಕತ್ತು ನೆಟ್ಟಗಾಯಿತು. ನೋಡಲು ಭಯಂಕರವಾದರೂ ಬೇಗ ಸರಿಹೋಗುವ ಅಡ್ಡಪರಿಣಾಮ ಇದು. ವಯಸ್ಸಿನ ಗಂಡು ಹುಡುಗರಲ್ಲಿ, ಮೊದಲ ಕೆಲವು ದಿನಗಳಲ್ಲಿ ಜಾಸ್ತಿ ಕಾಣುತ್ತದೆ.

ಹಾಗಾಗದಿರಲಿ ಅಂತ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದರು. ಕತ್ತು ಮತ್ತೆ ಎಳೆಯಲಿಲ್ಲ, ಆದರೆ ಬಾಯಿ ಒಣಗಿತು, ಮಲಬದ್ಧತೆ ಶುರುವಾಯಿತು. ಒಂದರ ಅಡ್ಡಪರಿಣಾಮಕ್ಕೆ ಇನ್ನೊಂದು, ಅದರದಕ್ಕೆ ಮತ್ತೊಂದು ಅಂತ ಚೀಟಿ ಉದ್ದವಾಗುವುದು ಹೀಗೇ. ಈ ಮಾತ್ರೆಯನ್ನು ವರ್ಷಗಟ್ಟಲೆ ಸುಮ್ನೆ ಮುಂದುವರಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಬೇಸರ. ವಯಸ್ಸಾದವರಿಗೆ ಮರೆವೂ ತರುತ್ತದೆ.

ಆಮೇಲೆ ಒಲಾಂಜಪೈನ್ ಬಂತು. ಇದೂ ಡೋಪಮೈನ್ ತಡೆಯುತ್ತದೆ, ಜೊತೆಗೆ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಒಂದು ಬಗೆಯ ಕೆಲಸವನ್ನೂ ತಡೆಯುತ್ತದೆ. ಹಾಗಾಗಿ ಮೈ ಬಿಗಿಯುವುದು ಕಮ್ಮಿ. ಹಿಸ್ಟಮಿನ್ ಎಂಬ ರಾಸಾಯನಿಕ ಸೇರುವ ಜಾಗವನ್ನೂ ಮುಚ್ಚುವುದರಿಂದ ಒಳ್ಳೆ ನಿದ್ದೆ ಬಂತು. ಅದೇ ಕಾರಣಕ್ಕೆ ಹಸಿವೂ ಬಂತು. ಎರಡು ಮುದ್ದೆ ಉಣ್ಣುತ್ತಿದ್ದವರು ನಾಲ್ಕಕ್ಕೆ ಏರಿದರು. ವರ್ಷದೊಳಗೆ 64 ಕೆ.ಜಿ. ಇದ್ದವರು 78 ಆದರು. ಒಲಾಂಜಪೈನ್ ಕೊಟ್ಟರೆ ತೂಕ, ಸೊಂಟದ ಅಳತೆ, ಸಕ್ಕರೆ, ಕೊಬ್ಬು ಇವನ್ನು ಬಿಡದೆ ನೋಡುತ್ತಿರಬೇಕು. ಇವರ ಹಳೇ ಚೀಟಿಗಳಲ್ಲಿ ಸಕ್ಕರೆ ಒಂದು ಸಲ ಬರೆದಿದೆ, ತೂಕ ಎಲ್ಲೂ ಇಲ್ಲ.

ಒಂದು ಇಳಿತದಲ್ಲಿ ಎಸಿಟಾಲೊಪ್ರಾಮ್ ಮಾತ್ರ ಕೊಟ್ಟಿದ್ದರು. ಖಿನ್ನತೆಗೆ ಈಗ ಅತಿ ಹೆಚ್ಚು ಬರೆಯುವ ಗುಂಪಿನ ಮಾತ್ರೆ. ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ ವಾಪಸ್ ಒಳಗೆ ಹೋಗದಂತೆ ತಡೆಯುತ್ತದೆ. ಈ ತಡೆ ಕೆಲವೇ ಗಂಟೆಗಳಲ್ಲಿ ಶುರುವಾದರೂ ಮನಸ್ಸು ಚೆನ್ನಾಗಿ ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ವಾಕರಿಕೆ, ಚಡಪಡಿಕೆ. ಎಷ್ಟೋ ಜನ ಅಷ್ಟರಲ್ಲೇ ಬಿಟ್ಟುಬಿಡುತ್ತಾರೆ. ಗಂಡ ಹೆಂಡತಿ ಸುಖದಲ್ಲಿ ಆಸಕ್ತಿ ಕಮ್ಮಿಯಾಗುವುದೂ ಉಂಟು, ಅದನ್ನು ನಾವು ಕೇಳದೆ ಅವರಾಗಿ ಹೇಳುವುದಿಲ್ಲ. ಪುಟ್ಟಸ್ವಾಮಿಗೆ ಆದದ್ದು ಬೇರೆ. ಐದು ವಾರದಲ್ಲಿ ಇಳಿತದಿಂದ ಎದ್ದರು, ಎದ್ದವರು ನಿಲ್ಲದೆ ಏರುತ್ತಲೇ ಹೋದರು. ಬೈಪೋಲಾರ್ ಇರುವವರಿಗೆ ಏರನ್ನು ಹಿಡಿದಿಡುವ ಮಾತ್ರೆ ಇಲ್ಲದೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಈ ಅಪಾಯ ಇದೆ.

ಕೊನೆಗೆ 34ನೇ ವಯಸ್ಸಿನಲ್ಲಿ ಲಿಥಿಯಂ. ದಿನಕ್ಕೆ 900 ಎಂಜಿ. ಅಲ್ಲಿಂದ 14 ವರ್ಷ ಒಂದೇ ಒಂದು ಏರು ಇಲ್ಲ, ಆಸ್ಪತ್ರೆ ಸೇರಿದ್ದಿಲ್ಲ. ಕುಡಿತ ಬಿಟ್ಟರು. ಮಗಳ ಮದುವೆ ಮಾಡಿದರು. ಈ 14 ವರ್ಷದ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಬೇಕು.

ಲಿಥಿಯಂ ಅಂದರೆ ಏನು

ಇದು ಕಾರ್ಖಾನೆಯಲ್ಲಿ ಹುಟ್ಟಿಸಿದ ಅಣುವಲ್ಲ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂನ ಹತ್ತಿರದ ನೆಂಟ, ಒಂದು ಮೂಲವಸ್ತು. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಗಿನಿಯಿಲಿಗಳಿಗೆ ಲಿಥಿಯಂ ಕೊಟ್ಟಾಗ ಅವು ಮಂಕಾಗಿ ಮಲಗಿದ್ದನ್ನು ಕಂಡರು. ಆಮೇಲೆ ಏರಿನಲ್ಲಿದ್ದ ಹತ್ತು ರೋಗಿಗಳಿಗೆ ಕೊಟ್ಟು ನೋಡಿದರು. ಫಲ ಬೆರಗು ಹುಟ್ಟಿಸುವಂತಿತ್ತು. ಆದರೆ ಅದೇ 1949ರಲ್ಲಿ ಅಮೆರಿಕದಲ್ಲಿ ಬೇರೆಯೇ ಒಂದು ಗಲಾಟೆ ನಡೆದಿತ್ತು. ಹೃದಯದ ಕಾಯಿಲೆ, ಬಿಪಿ ಇದ್ದು ಉಪ್ಪು ಬಿಡಬೇಕಾದವರಿಗೆ ಲಿಥಿಯಂ ಕ್ಲೋರೈಡನ್ನು ಬದಲಿ ಉಪ್ಪು ಅಂತ ಮಾರುತ್ತಿದ್ದರು. ಊಟಕ್ಕೆ ಉದುರಿಸಿಕೊಂಡು ತಿಂದವರಲ್ಲಿ ಕೆಲವರು ಸತ್ತರು. ಅದನ್ನು ಮಾರುಕಟ್ಟೆಯಿಂದ ತೆಗೆದುಹಾಕಿದರು. ಆ ಹೆದರಿಕೆ ಬಹಳ ಕಾಲ ಹೋಗಲಿಲ್ಲ. ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ ಮತ್ತು ಅವರ ಜೊತೆಯವರು 1954ರಿಂದ ಒಂದರ ಹಿಂದೊಂದು ಸರಿಯಾದ ಪರೀಕ್ಷೆಗಳನ್ನು ಮಾಡಿ ತೋರಿಸಿದರೂ ಅಮೆರಿಕ ಒಪ್ಪಿದ್ದು 1970ರಲ್ಲಿ.

ಆ ಸತ್ತವರ ಕಥೆ ಪುಟ್ಟಸ್ವಾಮಿಯ ಕಥೆಗೆ ತೀರಾ ಹತ್ತಿರ. ಉಪ್ಪು ಕಮ್ಮಿ ತಿನ್ನುವ ದೇಹಕ್ಕೇ ಲಿಥಿಯಂ ಹೋಗಿತ್ತು.

ಮೆದುಳಿನಲ್ಲಿ ಲಿಥಿಯಂ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ನರಕೋಶದ ಒಳಗೆ ಸುದ್ದಿ ದಾಟಿಸುವ ಕೆಲವು ಕಿಣ್ವಗಳನ್ನು ಅದು ತಗ್ಗಿಸುತ್ತದೆ: ಇನೊಸಿಟಾಲ್ ಮೊನೊಫಾಸ್ಫಟೇಸ್ ಒಂದು, ಜಿಎಸ್‌ಕೆ-3 ಇನ್ನೊಂದು. ಇದರಿಂದ ಕೋಶದ ಅತಿಯಾದ ಉದ್ವೇಗ ಇಳಿಯುತ್ತದೆ. ಏರನ್ನು ತಗ್ಗಿಸುತ್ತದೆ, ಮತ್ತೆ ಬರದಂತೆ ಕಾಯುತ್ತದೆ. ಆತ್ಮಹತ್ಯೆಯ ಅಪಾಯ ಕಮ್ಮಿ ಮಾಡುವುದರಲ್ಲಿ ಇದಕ್ಕಿರುವಷ್ಟು ಸಾಕ್ಷ್ಯ ಬೈಪೋಲಾರ್‌ನ ಬೇರೆ ಮಾತ್ರೆಗಳಿಗೆ ಇಲ್ಲ.

ದೇಹದಿಂದ ಹೊರಗೆ ಹೋಗುವ ದಾರಿ ಮಾತ್ರ ಸ್ಪಷ್ಟವಾಗಿ ಗೊತ್ತು. ಲಿವರ್ ಇದನ್ನು ಒಡೆಯುವುದಿಲ್ಲ. ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಯ ಮೂಲಕವೇ ಹೋಗಬೇಕು. ಕಿಡ್ನಿ ಮೊದಲು ಎಲ್ಲವನ್ನೂ ಸೋಸಿ ಹೊರಗೆ ಬಿಟ್ಟು, ಆಮೇಲೆ ದೇಹಕ್ಕೆ ಬೇಕಾದ ಸೋಡಿಯಂ, ನೀರನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಆಗ ಲಿಥಿಯಂ ಕೂಡ ಒಳಗೆ ಬರುತ್ತದೆ. ಬೀಗರ ಊಟದಲ್ಲಿ ಬೀಗರ ಜೊತೆ ಬಂದವರನ್ನೂ ಬೀಗರೆಂದೇ ಕರೆದು ಕೂರಿಸುವ ಹಾಗೆ. ದೇಹದಲ್ಲಿ ಸೋಡಿಯಂ ಕೊರತೆಯಾದಷ್ಟೂ ಕಿಡ್ನಿ ಹೆಚ್ಚು ಆಸೆಯಿಂದ ಎಳೆದುಕೊಳ್ಳುತ್ತದೆ, ಲಿಥಿಯಂ ಅಷ್ಟಷ್ಟೂ ಒಳಗೇ ಉಳಿಯುತ್ತದೆ.

ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಮ್ಮಿ. ಮಾತ್ರೆ ತೆಗೆದುಕೊಂಡ 12 ಗಂಟೆಯ ನಂತರ ರಕ್ತ ತೆಗೆದು ನೋಡಿದರೆ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಎಚ್ಚರ, 2 ದಾಟಿದರೆ ಅಪಾಯ. ಪ್ಯಾರಸಿಟಮಾಲ್ ಒಂದು ಜಾಸ್ತಿಯಾದರೆ ಏನೂ ಆಗಲಿಕ್ಕಿಲ್ಲ. ಇದರಲ್ಲಿ ಆ ಸಡಿಲ ಇಲ್ಲ. ಅದಕ್ಕೇ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಪುಟ್ಟಸ್ವಾಮಿಯ ಹಿಂದಿನ ನವೆಂಬರ್ ರಿಪೋರ್ಟು ನೋಡಿದರೆ ಲಿಥಿಯಂ 0.8, ಕಿಡ್ನಿ ಮಂದವಾದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.0. ಎರಡೂ ಸರಿಯಾಗಿದ್ದವು.

ಫೆಬ್ರವರಿಯಿಂದ ಏಪ್ರಿಲ್

ಫೆಬ್ರವರಿ ಕೊನೆಯಲ್ಲಿ ಊರ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಪುಟ್ಟಸ್ವಾಮಿಯ ಬಿಪಿ 160/100. ವಾರ ಬಿಟ್ಟು ನೋಡಿದರೂ ಅಷ್ಟೇ. ಟೆಲ್ಮಿಸಾರ್ಟಾನ್ 40, ಹೈಡ್ರೊಕ್ಲೋರೊಥಯಜೈಡ್ 12.5 ಸೇರಿದ ಒಂದೇ ಮಾತ್ರೆ ಬರೆದರು. ಉಪ್ಪು ಕಮ್ಮಿ ಮಾಡಿ ಅಂದರು. ಬಿಪಿ ಇರುವವರಿಗೆ ಇದಕ್ಕಿಂತ ಸಾಮಾನ್ಯವಾದ ಚೀಟಿ ಇಲ್ಲ.

ಆ ಡಾಕ್ಟರು ಕೇಳಿದ್ದರಂತೆ: 'ಬೇರೆ ಮಾತ್ರೆ ಏನಾದರೂ ತಗೋತೀರಾ?' ಪುಟ್ಟಸ್ವಾಮಿ ಇಲ್ಲ ಅಂದರು. ಹಿಂದೆ ಕ್ಯೂನಲ್ಲಿ ಆಲೆಮನೆಯ ಮಾಲೀಕರು, ಪಕ್ಕದ ಮನೆಯವರು, ಬೀಗರ ಕಡೆಯವರೊಬ್ಬರು ನಿಂತಿದ್ದರು. ಮಗಳನ್ನು ಕೊಟ್ಟ ಮನೆಯವರಿಗೆ ಈ ಕಾಯಿಲೆಯ ವಿಷಯ ಹೇಳಿಯೇ ಇರಲಿಲ್ಲ. ಅಷ್ಟು ಜನರ ಮುಂದೆ ಲಿಥಿಯಂ ಅಂತ ಯಾರು ಬಾಯಿ ಬಿಡುತ್ತಾರೆ, ಹೇಳಿ? ಇಡೀ ಪ್ರಕರಣದ ಕೀಲಿ ಇರುವುದು ಆ ಒಂದು 'ಇಲ್ಲ'ದಲ್ಲಿ ಅಂತ ನನ್ನ ಅನಿಸಿಕೆ. ಉಳಿದದ್ದು ಕಿಡ್ನಿಯ ಲೆಕ್ಕಾಚಾರ.

ಬಿಪಿ ಮಾತ್ರೆಯಲ್ಲಿರುವ ಥಯಜೈಡ್, ಮೂತ್ರದಲ್ಲಿ ಸೋಡಿಯಂ ಅನ್ನು ಹೊರಗೆ ಹಾಕಿಸುತ್ತದೆ. ಕಳೆದುಕೊಂಡ ಸೋಡಿಯಂ ತುಂಬಿಕೊಳ್ಳಲು ಕಿಡ್ನಿ ತನ್ನ ಮೊದಲ ಭಾಗದಲ್ಲೇ ಇನ್ನೂ ಜೋರಾಗಿ ಎಳೆದುಕೊಳ್ಳುತ್ತದೆ. ಲಿಥಿಯಂ ಜೊತೆಗೇ ಬರುತ್ತದೆ. ಟೆಲ್ಮಿಸಾರ್ಟಾನ್ ಕಿಡ್ನಿಯ ಸೋಸುವ ಒತ್ತಡವನ್ನು ಇಳಿಸುತ್ತದೆ, ಹಾಗಾಗಿ ಹೊರಗೆ ಹೋಗುವ ಲಿಥಿಯಂ ಕಮ್ಮಿಯಾಗುತ್ತದೆ. ಅದರ ಮೇಲೆ ಊಟದಲ್ಲಿ ಉಪ್ಪೂ ಇಲ್ಲ. ಹೆಂಡತಿ ಜಯಮ್ಮ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಉಪ್ಸಾರಿಗೇ ಉಪ್ಪು ಹಾಕುವುದನ್ನು ನಿಲ್ಲಿಸಿದ್ದರು. ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಅದನ್ನು ಮುದ್ದೆಗೆ ಹಚ್ಚಿ ನುಂಗುವುದು ಏನು ಶಿಕ್ಷೆ ಅಂತ. ಉಪ್ಪಿನಕಾಯಿ, ಹಪ್ಪಳ, ಎಲ್ಲ ಬಂದ್.

ಮಾರ್ಚ್ ಮಧ್ಯಕ್ಕೆ ಮಂಡಿನೋವು ಜಾಸ್ತಿಯಾಯಿತು. ದಿನವೆಲ್ಲ ಕೊಪ್ಪರಿಗೆ ಮುಂದೆ ನಿಲ್ಲುವ ಕೆಲಸ. ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನಾಕ್ ತಂದು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗತೊಡಗಿದರು. ಹೊಟ್ಟೆ ಉರಿಯದಿರಲಿ ಅಂತ ಒಂದು ಗ್ಯಾಸ್ ಮಾತ್ರೆ. ಈ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತವೆ, ಲಿಥಿಯಂ ಇನ್ನಷ್ಟು ನಿಲ್ಲುತ್ತದೆ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಕೂಡ ಹಾಗೆಯೇ. ಸೋಡಿಯಂ ಹೊರಹಾಕುವ ಮಾತ್ರೆ, ಸಾರ್ಟಾನ್ ಮಾತ್ರೆ, ನೋವಿನ ಮಾತ್ರೆ ಈ ಮೂರೂ ಒಟ್ಟಿಗೆ ಬಿದ್ದರೆ ಲಿಥಿಯಂ ಮುಟ್ಟದವರ ಕಿಡ್ನಿಗೂ ಏಟು ಬೀಳಬಹುದು. ಇದು ಎಷ್ಟೋ ಮನೆಗಳಲ್ಲಿ ದಿನನಿತ್ಯ ನಡೆಯುತ್ತಿದೆ.

ಏಪ್ರಿಲ್ ಬಂತು. ಹೊರಗೆ ಬಿಸಿಲು, ಒಳಗೆ ಒಲೆ. ಕಬ್ಬಿನ ಸಿಪ್ಪೆ ಉರಿಯುವ ಆ ಒಲೆಯ ಮುಂದೆ ಹತ್ತು ನಿಮಿಷ ನಿಂತು ನೋಡಿ, ಅಂಗಿ ಹಿಂಡಬಹುದು. ಬೆವರಿನಲ್ಲಿ ನೀರೂ ಹೋಯಿತು, ಉಪ್ಪೂ ಹೋಯಿತು.

ಕೈ ನಡುಕ ಮೊದಲಿಗಿಂತ ಜಾಸ್ತಿಯಾಗಿದೆ ಅಂತ ಪುಟ್ಟಸ್ವಾಮಿಗೇ ಅನಿಸಿತ್ತು. ಪಾಕದ ಉಂಡೆ ಬೆರಳಲ್ಲಿ ನಿಲ್ಲಲಿಲ್ಲ. ಒಂದು ಕೊಪ್ಪರಿಗೆ ಬೆಲ್ಲ ಕೆಟ್ಟಿತು. ಮಾಲೀಕರು ಮುಖ ಸಿಂಡರಿಸಿದರು. ಆಮೇಲೆ ಎರಡು ದಿನ ಭೇದಿ, ವಾಂತಿ. ಈ ಭೇದಿ ಕಾರಣವೋ ಲಕ್ಷಣವೋ? ಎರಡೂ ಇರಬಹುದು. ಲಿಥಿಯಂ ಏರಿದರೆ ಭೇದಿಯಾಗುತ್ತದೆ. ಭೇದಿಯಾದರೆ ನೀರು ಕಮ್ಮಿಯಾಗಿ ಲಿಥಿಯಂ ಮತ್ತೂ ಏರುತ್ತದೆ. ಒಮ್ಮೆ ಈ ಸುಳಿಗೆ ಬಿದ್ದರೆ ತಾನಾಗಿ ಹೊರಗೆ ಬರುವುದು ಕಷ್ಟ. ಮೂರನೇ ದಿನ ಮಾತು ತೊದಲಿತು, ನಡಿಗೆ ತೂರಾಡಿತು. ನಾಲ್ಕನೇ ದಿನ ಮಗನನ್ನೇ ಅಣ್ಣನ ಹೆಸರಿನಿಂದ ಕರೆದರು.

ಊರಿನವರು ಕುಡಿತ ಅಂದರು. ಅಣ್ಣ ಹಳೇ ಕಾಯಿಲೆ ತಿರುಗಿ ಬಂತು ಅಂದರು. ಜಯಮ್ಮನೂ ಹಾಗೇ ತಿಳಿದು, ಲಿಥಿಯಂ ಮಾತ್ರೆಯನ್ನು ಇನ್ನಷ್ಟು ನಿಗಾ ಇಟ್ಟು ನುಂಗಿಸಿದರು.

ಮೇಜಿನ ಮೇಲೆ ಮೂರು ಕವರ್

ನನ್ನ ಹತ್ತಿರ ಬಂದಾಗ ಪುಟ್ಟಸ್ವಾಮಿಗೆ ಎಚ್ಚರ ಇತ್ತು, ಆದರೆ ಯಾವ ವಾರ ಅಂತ ಗೊತ್ತಿರಲಿಲ್ಲ. ನಾಲಿಗೆ ಒಣಗಿತ್ತು. ಕೈ ಚಾಚಿ ಅಂದೆ. ಲಿಥಿಯಂ ತೆಗೆದುಕೊಳ್ಳುವ ಬಹಳ ಜನರಿಗೆ ಬೆರಳ ತುದಿಯಲ್ಲಿ ಸಣ್ಣ ನಡುಕ ಇರುತ್ತದೆ. ಅಂಗೈ ಕೆಳಗೆ ಮಾಡಿ ಮೇಲೆ ಒಂದು ಹಾಳೆ ಇಟ್ಟರೆ ಅದರ ಅಂಚು ಅದುರುವುದು ಕಾಣುತ್ತದೆ. ಅದು ಮಾಮೂಲಿ, ತೀರಾ ತೊಂದರೆಯಾದರೆ ಪ್ರೊಪ್ರಾನೊಲಾಲ್‌ಗೆ ಕಮ್ಮಿಯಾಗುತ್ತದೆ. ಇವರದು ಹಾಗಿರಲಿಲ್ಲ. ಮಣಿಕಟ್ಟಿನಿಂದಲೇ ಕೈ ಎತ್ತೆತ್ತಿ ಬೀಳುವ ಒರಟು ನಡುಕ. ಬೆರಳಿನಿಂದ ಮೂಗು ಮುಟ್ಟಿ ಅಂದರೆ ಕೆನ್ನೆ ಮುಟ್ಟಿದರು. ಮಾಂಸಖಂಡಗಳು ಅಲ್ಲಲ್ಲಿ ತಾವಾಗಿ ಮಿಡಿಯುತ್ತಿದ್ದವು. ಕುಡಿದ ವಾಸನೆ ಇರಲಿಲ್ಲ. ಏರಿನಲ್ಲಿ ಇರುವವರಿಗೆ ಮಾತು ವೇಗವಾಗುತ್ತದೆ, ಇವರ ಮಾತು ಎಳೆಯುತ್ತಿತ್ತು.

ಏನೇನು ಮಾತ್ರೆ ಕೊಡುತ್ತಿದ್ದೀರಿ ಅಂತ ಕೇಳಿದೆ. ಜಯಮ್ಮ ಬ್ಯಾಗಿನಿಂದ ಮೂರು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಇಟ್ಟರು. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡ್.

'ಇದು ತಲೆದು ಸಾ. ಇದು ಬಿಪಿದು. ಇದು ಮಂಡಿದು. ಒಂದ್ಕೊಂದು ಸೇರ್ಬಾರ್ದು ಅಂತ ಬ್ಯಾರೆಬ್ಯಾರೆ ಮಡಗಿವ್ನಿ. ತಲೆದು ಒಂದೊತ್ತೂ ತಪ್ಸಿಲ್ಲ ಸಾ.'

ಅಷ್ಟು ಅಚ್ಚುಕಟ್ಟಾಗಿ ಮಾತ್ರೆ ಜೋಡಿಸಿಡುವವರು ಅಪರೂಪ. 'ತಲೆದು' ಅಂತ ಬೇರೆ ಇಟ್ಟ ಕವರಿನ ಮಾತ್ರೆ ಕಿಡ್ನಿಯಲ್ಲಿ ಉಳಿದೆರಡು ಕವರಿನ ಮಾತ್ರೆಗಳನ್ನು ಸಂಧಿಸುತ್ತಿತ್ತು. ಮೂರನ್ನೂ ಒಟ್ಟಿಗೆ ಯಾವ ಡಾಕ್ಟರೂ, ಯಾವ ಅಂಗಡಿಯವರೂ ಅಲ್ಲಿಯವರೆಗೆ ನೋಡಿರಲಿಲ್ಲ.

ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ರಕ್ತ ತೆಗೆಯುವಾಗ ನಡೆದ ಒಂದು ಸಣ್ಣ ಸಂಗತಿ ಹೇಳಲೇಬೇಕು. ಸಿಸ್ಟರ್ ಹಸಿರು ಮುಚ್ಚಳದ ಟ್ಯೂಬ್ ತೆಗೆದರು. ಡ್ಯೂಟಿ ಡಾಕ್ಟರು ತಡೆದು ಬೇರೆ ಟ್ಯೂಬ್ ತರಿಸಿದರು. ಹಸಿರು ಮುಚ್ಚಳದ ಎಷ್ಟೋ ಟ್ಯೂಬ್‌ಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಲಿಥಿಯಂ ಹೆಪಾರಿನ್ ಸವರಿರುತ್ತಾರೆ. ಅದರಲ್ಲಿ ರಕ್ತ ಹಾಕಿ ಲಿಥಿಯಂ ಅಳೆದರೆ ಮಾತ್ರೆಯನ್ನೇ ನುಂಗದವರಿಗೂ ಜಾಸ್ತಿ ಬರುತ್ತದೆ. ಚಿಕ್ಕ ವಿಷಯ, ಆದರೆ ಗೊತ್ತಿರುವವರು ಬೇಕು.

ರಿಪೋರ್ಟು: ಲಿಥಿಯಂ 2.8. ಕ್ರಿಯಾಟಿನಿನ್ 2.1. ತಲೆಯ ಸಿ.ಟಿ. ಸ್ಕ್ಯಾನಿನಲ್ಲಿ ಪಾರ್ಶ್ವವಾಯುವಿನ ಗುರುತು ಇರಲಿಲ್ಲ. ನವೆಂಬರಿನಲ್ಲಿ ನುಂಗುತ್ತಿದ್ದದ್ದೂ 900, ಏಪ್ರಿಲ್‌ನಲ್ಲಿ ನುಂಗುತ್ತಿದ್ದದ್ದೂ 900.

ಚಿಕಿತ್ಸೆ

ಲಿಥಿಯಂಗೆ ಪ್ರತಿವಿಷ ಇಲ್ಲ. ವಿಷ ಕುಡಿದವರಿಗೆ ಕೊಡುವ ಇದ್ದಿಲ ಪುಡಿ ಇದನ್ನು ಹಿಡಿಯುವುದಿಲ್ಲ. ಮೊದಲು ಮಾಡಿದ್ದು ಲಿಥಿಯಂ, ಬಿಪಿ ಮಾತ್ರೆ, ನೋವಿನ ಮಾತ್ರೆ ಮೂರನ್ನೂ ನಿಲ್ಲಿಸಿದ್ದು. ಜೊತೆಗೆ ಸಲೈನ್, ಅಂದರೆ ಉಪ್ಪು ನೀರು, ರಕ್ತನಾಳಕ್ಕೆ. ಎರಡು ತಿಂಗಳು ದೂರ ಇಟ್ಟಿದ್ದ ಉಪ್ಪನ್ನೇ ಔಷಧಿಯಾಗಿ ಹನಿಸಬೇಕಾಯಿತು. ಅದನ್ನೂ ಕಣ್ಣುಮುಚ್ಚಿ ಕೊಡುವಂತಿಲ್ಲ. ಬಹಳ ವರ್ಷ ಲಿಥಿಯಂ ತೆಗೆದುಕೊಂಡವರ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಂಡಿರಬಹುದು. ಆಗ ಸಲೈನ್ ಕೊಟ್ಟರೆ ಸೋಡಿಯಂ ಮಿತಿಮೀರಿ ಏರುತ್ತದೆ. ಹಾಗಾಗಿ ಆರು ಗಂಟೆಗೊಮ್ಮೆ ಸೋಡಿಯಂ ನೋಡಿದರು.

ಗೊಂದಲ ಇದ್ದದ್ದರಿಂದ, ಕಿಡ್ನಿ ಕೂಡ ಮಂದವಾಗಿದ್ದರಿಂದ ಕಿಡ್ನಿ ತಜ್ಞರು ಡಯಾಲಿಸಿಸ್ ಬೇಕು ಅಂದರು. ಆ ಪದ ಕೇಳಿ ಜಯಮ್ಮ ಅಲ್ಲೇ ಕುಸಿದು ಕೂತರು.

'ಕಿಡ್ನಿ ಹೋಗ್ಬುಡ್ತಾ ಸಾ? ಇನ್ನು ವಾರವಾರ ಬರ್ಬೇಕಾ?'

ಹೋಗಿಲ್ಲ, ಇದು ಕಿಡ್ನಿಗೆ ಬದಲಿ ಅಲ್ಲ, ರಕ್ತದಲ್ಲಿರುವ ಲಿಥಿಯಂ ಬೇಗ ತೆಗೆಯಲು ಒಂದೆರಡು ಸಲ ಮಾತ್ರ ಅಂತ ಬಿಡಿಸಿ ಹೇಳಿದ ಮೇಲೆ ಸಹಿ ಹಾಕಿದರು. ಲಿಥಿಯಂ ಚಿಕ್ಕ ಕಣ, ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವುದಿಲ್ಲ, ಡಯಾಲಿಸಿಸ್ ಯಂತ್ರದಲ್ಲಿ ಸಲೀಸಾಗಿ ಹೊರಗೆ ಬರುತ್ತದೆ. ಮೊದಲ ಸಲ ಮುಗಿದಾಗ 1.1ಕ್ಕೆ ಇಳಿದಿತ್ತು. ಎಲ್ಲರೂ ಉಸಿರು ಬಿಟ್ಟರು. ಎಂಟು ಗಂಟೆ ಕಳೆದು ನೋಡಿದರೆ ಮತ್ತೆ 1.6. ಯಾರೂ ಮಾತ್ರೆ ಕೊಟ್ಟಿರಲಿಲ್ಲ. ಮೆದುಳು, ಮಾಂಸಖಂಡಗಳ ಒಳಗೆ ಸೇರಿಕೊಂಡಿದ್ದು ನಿಧಾನಕ್ಕೆ ರಕ್ತಕ್ಕೆ ವಾಪಸ್ ಬರುತ್ತದೆ. ಇದು ನಿರೀಕ್ಷಿಸಿದ್ದೇ. ಇನ್ನೊಂದು ಸಲ ಡಯಾಲಿಸಿಸ್ ಮಾಡಿದ ಮೇಲೆ 0.6ಕ್ಕೆ ಬಂದು ಅಲ್ಲೇ ನಿಂತಿತು.

ರಕ್ತ ಸರಿಹೋದರೂ ಪುಟ್ಟಸ್ವಾಮಿ ತಕ್ಷಣ ಸರಿಹೋಗಲಿಲ್ಲ. ಮೆದುಳಿನಿಂದ ಲಿಥಿಯಂ ಖಾಲಿಯಾಗುವುದು ರಕ್ತಕ್ಕಿಂತ ನಿಧಾನ. ಗೊಂದಲ ನಾಲ್ಕು ದಿನಕ್ಕೆ ಹೋಯಿತು, ತೊದಲು ವಾರಕ್ಕೆ. ನಡಿಗೆಯ ತೂರಾಟ ಉಳಿಯಿತು. ಕೆಲವರಲ್ಲಿ ಮೆದುಳಿನ ಹಿಂಭಾಗಕ್ಕೆ, ಅಂದರೆ ಸಮತೋಲ ಕಾಯುವ ಭಾಗಕ್ಕೆ, ಶಾಶ್ವತವಾಗಿ ಪೆಟ್ಟಾಗುವುದೂ ಇದೆ. ಒಂದೇ ಸಲ ಬಹಳಷ್ಟು ನುಂಗಿದವರಿಗಿಂತ ಹೀಗೆ ವಾರಗಟ್ಟಲೆ ನಿಧಾನಕ್ಕೆ ಏರಿದವರಿಗೆ ಮೆದುಳಿನ ತೊಂದರೆ ಜಾಸ್ತಿ.

ಮುಂದೇನು?

ಅಣ್ಣನ ಮಾತು ನೇರವಾಗಿತ್ತು: 'ಈ ವಿಷನ ಇನ್ನು ಮುಟ್ಟಿಸ್ಬ್ಯಾಡಿ.' ಆ ಸಿಟ್ಟು ನ್ಯಾಯವೇ. ಬೇರೆ ದಾರಿಗಳೂ ಇದ್ದವು. ಏರನ್ನು ಹಿಡಿದಿಡುವ ವಾಲ್ಪ್ರೋಯೇಟ್ ಇದೆ, ಅದಕ್ಕೆ ಉಪ್ಪಿನ ಕಾಟ ಇಲ್ಲ. ಆದರೆ ತೂಕ ಏರುತ್ತದೆ, ಕೂದಲು ಉದುರಬಹುದು, ಅದರಿಂದಲೂ ಕೈ ನಡುಗುತ್ತದೆ, ಲಿವರ್ ಕಡೆ ಕಣ್ಣಿಡಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗಂತೂ ಕೊಡಲೇಬಾರದು ಅನ್ನುವಷ್ಟು ಎಚ್ಚರ ಬೇಕು, ಇವರಿಗೆ ಆ ಪ್ರಶ್ನೆ ಇರಲಿಲ್ಲ. ಒಲಾಂಜಪೈನ್‌ಗೆ ವಾಪಸ್ ಹೋದರೆ ಆ 14 ಕೆ.ಜಿ. ವಾಪಸ್ ಬರಬಹುದು, ಬಿಪಿ ಇರುವ ಮೈಗೆ.

ನಾನು ಲಿಥಿಯಂ ಪರ ನಿಂತೆ. ಕಾರಣ 14 ವರ್ಷ. ಬೇರೆ ಮಾತ್ರೆಗಳಲ್ಲಿ ಎರಡು ವರ್ಷವೂ ನೆಟ್ಟಗೆ ಕಳೆಯದ ಮನುಷ್ಯ ಇದರಲ್ಲಿ ಸಂಸಾರ ಮಾಡಿದ್ದಾರೆ. ಏರಿದ್ದಕ್ಕೆ ಕಾರಣ ಗೊತ್ತಾಗಿದೆ, ಆ ಕಾರಣ ತೆಗೆಯಬಹುದು. ಎದುರು ವಾದವೂ ಬಲವಾಗಿಯೇ ಇತ್ತು: ಆಲೆಮನೆಯ ಬಿಸಿ ಮುಂದಿನ ವರ್ಷವೂ ಇರುತ್ತದೆ, ಕಿಡ್ನಿ ಒಮ್ಮೆ ಪೆಟ್ಟು ತಿಂದಿದೆ. ಕಿಡ್ನಿ ತಜ್ಞರು ಕ್ರಿಯಾಟಿನಿನ್ 1.2ರ ಕೆಳಗೆ ಬಂದು ನಿಲ್ಲುವವರೆಗೆ ಬೇಡ ಅಂದರು. ಅಲ್ಲಿಯವರೆಗೆ ರಾತ್ರಿ ಸ್ವಲ್ಪ ಕ್ವೆಟಿಯಪೈನ್, ಒಲಾಂಜಪೈನ್ ಜಾತಿಯದೇ ಮಾತ್ರೆ, ಕೊಟ್ಟೆವು. ಬೆಳಿಗ್ಗೆ ಎದ್ದರೆ ಮಂಪರು, ತಟ್ಟನೆ ನಿಂತರೆ ತಲೆಸುತ್ತು ಅಂತ ದೂರಿದರು. ಹೆಂಡತಿಯ ಜೊತೆ ಕೂತು ಕೊನೆಗೆ ತೀರ್ಮಾನ ಹೇಳಿದ್ದು ಪುಟ್ಟಸ್ವಾಮಿಯೇ: 'ಹಳೇದೇ ಇರ್ಲಿ ಸಾ. ಒಸಿ ಕಮ್ಮಿ ಮಾಡ್ಕೊಡಿ.'

ಜುಲೈನಲ್ಲಿ 300ರಿಂದ ಶುರು ಮಾಡಿ 600ಕ್ಕೆ ನಿಲ್ಲಿಸಿದೆವು. ಪ್ರತಿ ಸಲ ಪ್ರಮಾಣ ಬದಲಿಸಿ ವಾರ ಬಿಟ್ಟು ರಕ್ತಪರೀಕ್ಷೆ. ಬಿಪಿಗೆ ಆಮ್ಲೋಡಿಪಿನ್. ಅದು ಲಿಥಿಯಂ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಕಾಲಿನ ಗಿಣ್ಣು ಸ್ವಲ್ಪ ಊದಿಕೊಂಡಿತು, ಸಹಿಸಿಕೊಳ್ಳುವಷ್ಟಿದೆ. ಮಂಡಿಗೆ ಪ್ಯಾರಸಿಟಮಾಲ್, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ.

ಉಪ್ಪಿನ ಬಗ್ಗೆ ಜಯಮ್ಮನಿಗೆ ಹೇಳಿದ್ದು ಇಷ್ಟೇ: ಸುರಿಯಲೂ ಬೇಡಿ, ಪೂರ್ತಿ ಬಿಡಲೂ ಬೇಡಿ, ದಿನಾ ಒಂದೇ ಸಮ ಇರಲಿ. ಇದ್ದಕ್ಕಿದ್ದಂತೆ ಕಮ್ಮಿ ಮಾಡಿದರೆ ಲಿಥಿಯಂ ಏರುತ್ತದೆ, ಇದ್ದಕ್ಕಿದ್ದಂತೆ ಜಾಸ್ತಿ ಮಾಡಿದರೆ ಇಳಿದು ಕಾಯಿಲೆ ತಿರುಗಬಹುದು. ಉಪ್ಸಾರು ಮತ್ತೆ ಉಪ್ಸಾರಾಯಿತು. ವಾಂತಿ ಭೇದಿ, ಜ್ವರ ಬಂದು ಊಟ ನೀರು ಸೇರದ ದಿನ ಲಿಥಿಯಂ ಕೊಡದೆ ಅವತ್ತೇ ಫೋನ್ ಮಾಡಬೇಕು. ಇದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಒಂದು ದಿನವೂ ಬಿಡಬಾರದು ಅಂತ 14 ವರ್ಷ ಎಲ್ಲರೂ ಹೇಳಿದ್ದಾರೆ, ಈಗ ಬಿಡಿ ಅಂದರೆ? ಎರಡು ಸಲ, ಬೇರೆ ಬೇರೆ ದಿನ, ಮಗನನ್ನೂ ಕೂರಿಸಿಕೊಂಡು ಹೇಳಬೇಕಾಯಿತು.

ಮೂರು ಕವರ್ ಒಂದಾಯಿತು. ಅದರೊಳಗೆ ಒಂದು ರಟ್ಟಿನ ಚೀಟಿ: ಲಿಥಿಯಂ ತೆಗೆದುಕೊಳ್ಳುತ್ತಾರೆ, ಈ ಈ ಮಾತ್ರೆ ಕೊಡಬಾರದು, ಕೊನೆಯ ರಕ್ತಪರೀಕ್ಷೆ ಇಂಥ ದಿನ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿ ತೋರಿಸಿ ಸಾಕು ಅಂದಿದ್ದೇನೆ. ಮೆಡಿಕಲ್ ಸ್ಟೋರಿನವರಿಗೆ ಒಂದು ಸಲ ತೋರಿಸಿದರಂತೆ, ಅವರು ಸುಮ್ನೆ ತಲೆಯಾಡಿಸಿ ಪ್ಯಾರಸಿಟಮಾಲ್ ಕೊಟ್ಟು ಕಳಿಸಿದರಂತೆ. ಬೀಗರಿಗೆ ಇನ್ನೂ ಹೇಳಿಲ್ಲ. ಅದು ಅವರ ಮನೆಯ ವಿಷಯ, ನಾನು ಒತ್ತಾಯ ಮಾಡಿಲ್ಲ.

ನಡಿಗೆ ಬಹುಪಾಲು ಸರಿಹೋಗಿದೆ. ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಒಂದೇ ಗೆರೆಯ ಮೇಲೆ ನಡೆಯಿರಿ ಅಂದರೆ ಇನ್ನೂ ವಾಲುತ್ತಾರೆ. ಕುದಿಯುವ ಕೊಪ್ಪರಿಗೆ ಪಕ್ಕ ಹಾಗೆ ವಾಲುವಂತಿಲ್ಲ. ಈಗ ಪಾಕ ನೋಡಲು ಕುರ್ಚಿ ಹಾಕಿಸಿಕೊಂಡು ಸ್ವಲ್ಪ ದೂರದಲ್ಲಿ ಕೂರುತ್ತಾರೆ, ಹುಡುಗನೊಬ್ಬ ಬಟ್ಟಲಲ್ಲಿ ತಂದು ಕೊಡುತ್ತಾನೆ. ಕೂಲಿ ಸ್ವಲ್ಪ ಕಮ್ಮಿಯಾಗಿದೆ.

ಕೊನೆಯ ಸಲ ಬಂದಾಗ ಲಿಥಿಯಂ 0.6, ಕ್ರಿಯಾಟಿನಿನ್ 1.1. ಥೈರಾಯ್ಡ್ ಮಂದವಾದರೆ ಏರುವ ಟಿಎಸ್‌ಎಚ್ ಮಾತ್ರ 7.2ಕ್ಕೆ ಹೋಗಿದೆ. ಲಿಥಿಯಂ ಥೈರಾಯ್ಡ್ ಗ್ರಂಥಿಯಿಂದ ಹಾರ್ಮೋನ್ ಹೊರಬರುವುದನ್ನು ತಗ್ಗಿಸುವುದರಿಂದ ಹೀಗಾಗುವುದು ಅಪರೂಪವಲ್ಲ. ಸುಸ್ತು, ಚಳಿ ತಡೆಯದಿರುವುದು ಏನೂ ಇಲ್ಲ ಅಂದರು. ಎರಡು ತಿಂಗಳು ಬಿಟ್ಟು ಥೈರಾಯ್ಡ್ ಹಾರ್ಮೋನ್ ಆದ ಟಿ4 ಜೊತೆ ಸೇರಿಸಿ ಮತ್ತೆ ನೋಡಬೇಕು. ಆಗಲೂ ಏರಿಯೇ ಇದ್ದರೆ ಥೈರಾಕ್ಸಿನ್ ಕೊಡುತ್ತೇವೆ. ಅದಕ್ಕಾಗಿ ಲಿಥಿಯಂ ನಿಲ್ಲಿಸುವುದಿಲ್ಲ.